ಹತ್ತರಾಗ ಎಷ್ಟು ಬ್ಯಾನಿ?

32 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಅಂಕ ಹಾಕುವಾಗ ಕೈ ನಡುಗಿದ್ದು ನೆನಪಿಲ್ಲ. ಹೋದ ನವೆಂಬರ್ ಕೊನೆಗೆ ಒಬ್ಬ ಹುಡುಗ ಎದುರಿಗೆ ಕೂತು, 10 ಸೆಂಟಿಮೀಟರ್ ಉದ್ದದ ಗೆರೆ ಎಳೆದ ಹಾಳೆ ಮುಂದಿಟ್ಟ. "ಮೇಡಂ, ಈ ತುದಿ ಅಂದ್ರ ಬ್ಯಾನಿ ಇಲ್ಲೇ ಇಲ್ಲ. ಆ ತುದಿ ಅಂದ್ರ ತಾಳಲಾರದಷ್ಟು. ನಿಮ್ಮ ಬಲ ಮೊಣಕಾಲಿಗಿ ಎಲ್ಲಿ ಗುರುತು ಹಾಕ್ತೀರಿ?" ಅಂದ. ಪೆನ್ನು ಹಿಡಿದು ಸುಮಾರು ಹೊತ್ತು ಹಾಗೇ ಕೂತೆ. ಮುಂಜಾನೆ ಎದ್ದಾಗಿನ ಬ್ಯಾನಿಗೋ, ಈಗ ಕುರ್ಚಿಯಲ್ಲಿ ಕೂತಾಗಿನದಕ್ಕೋ, ಮೆಟ್ಟಿಲು ಇಳಿಯುವಾಗಿನದಕ್ಕೋ? "ಹೋದ 48 ತಾಸಿನಾಗ ಸಾಧಾರಣ ಹ್ಯಾಂಗಿತ್ತು, ಅದು" ಅಂದ. ಆರೂವರೆಯ ಹತ್ತಿರ ಒಂದು ಅಡ್ಡಗೆರೆ ಹಾಕಿದೆ. ಅವನು ಸ್ಕೇಲಿಟ್ಟು ಅಳೆದು 66 ಮಿಲಿಮೀಟರ್ ಎಂದು ಬರೆದುಕೊಂಡ. ನನ್ನ ಬ್ಯಾನಿಗೆ ಮಿಲಿಮೀಟರಿನ ಲೆಕ್ಕ ಬಂದದ್ದು ಅದೇ ಮೊದಲು.

ಮೊಣಕಾಲ ಬ್ಯಾನಿಗೆ ಒಂದು ಎಣ್ಣೆಯನ್ನು ಪರೀಕ್ಷಿಸುತ್ತಿದ್ದ ಆ ಆಸ್ಪತ್ರೆಗೆ ನಾನು ಹೋದದ್ದಕ್ಕೆ ಎರಡು ಕಾರಣ. ಒಂದು ಪುಡಿ, ಇನ್ನೊಂದು ಲಕ್ಕಿ ಸೊಪ್ಪು.

ಪುಡಿಯ ಸಂಗತಿ ಮೊದಲು ಹೇಳುತ್ತೇನೆ. ನಿವೃತ್ತಿಯಾದ ವರ್ಷ ಜಾತ್ರೆಯೊಂದರಲ್ಲಿ ಒಬ್ಬ, "ಬರೀ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಎಂದು ಪೊಟ್ಟಣ ಕೊಟ್ಟ. ನಾಲ್ಕೇ ದಿನಕ್ಕೆ ಮೆಟ್ಟಿಲು ಹತ್ತಿದೆ. ಮತ್ತೆ ಮತ್ತೆ ತರಿಸಿದೆ. ಎರಡು ತಿಂಗಳಿಗೆ ಮುಖ ಊದಿತು, ಅಲ್ಲಿತನಕ ಸರಿಯಾಗಿದ್ದ ಸಕ್ಕರೆ ಏರಿತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು ಎಂದು ವೈದ್ಯರು ಅನುಮಾನಪಟ್ಟರು. ಒಮ್ಮೆಲೇ ಬಿಟ್ಟರೆ ಅದೂ ಅಪಾಯ ಎಂದು ಹಂತ ಹಂತವಾಗಿ ಬಿಡಿಸಿದರು. ಅಂದಿನಿಂದ 'ಗಿಡಮೂಲಿಕೆ' ಎಂಬ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಗಿಡದ ಮೇಲಲ್ಲ, ಏನಿದೆ ಎಷ್ಟಿದೆ ಎಂದು ಹೇಳದೆ ಪೊಟ್ಟಣ ಕಟ್ಟುವವರ ಮೇಲೆ.

ಗಿಡದ ಮೇಲೆ ಸಿಟ್ಟಾಗಲು ನನಗೆ ಆಗುವುದೂ ಇಲ್ಲ. ನಮ್ಮ ತವರು ಚಿಂಚೋಳಿ ತಾಲೂಕಿನಲ್ಲಿ ಮುಲ್ಲಾಮಾರಿ ನದಿಯ ಕಡೆಗೆ. ಹಳ್ಳದ ದಂಡೆಗುಂಟ ಲಕ್ಕಿ ಬೆಳೆದು ನಿಂತಿರುತ್ತದೆ, ನೀಲಿ ಹೂವಿನ ತೆನೆ ಬಿಟ್ಟು. ಅವ್ವ ಬಾಣಂತಿಯರ ನೀರಿಗೆ ಅದರ ಸೊಪ್ಪು ಹಾಕುತ್ತಿದ್ದಳು. ತೊಗರಿಯ ಕಣಜದಲ್ಲಿ ಹುಳ ಬೀಳದಂತೆ ಬೇವಿನ ಜೊತೆ ಅದನ್ನೂ ಹರಡುತ್ತಿದ್ದಳು. ಅಜ್ಜಿಯ ಮೊಣಕಾಲು ಹಿಡಿದುಕೊಂಡರೆ ಹಂಚಿನ ಮೇಲೆ ಸೊಪ್ಪು ಬಾಡಿಸಿ, ಔಡಲೆಣ್ಣೆ ಸವರಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟುತ್ತಿದ್ದಳು. ಆ ಘಾಟು ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಅಜ್ಜಿಗೆ ಕಡಿಮೆಯಾಗುತ್ತಿತ್ತು. ಸೊಪ್ಪಿನಿಂದಲೋ, ಬಿಸಿಯಿಂದಲೋ, ಮಗಳು ಅರ್ಧ ತಾಸು ಕಾಲು ನೀವಿದ್ದರಿಂದಲೋ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಆಗ ಇರಲಿಲ್ಲ.

ಕಲಬುರಗಿಯ ಒಂದು ಆಸ್ಪತ್ರೆಯ ಗೋಡೆಯ ಮೇಲೆ ಅಂಟಿಸಿದ್ದ ಕನ್ನಡ ಹಾಳೆ ಅದನ್ನೇ ಕೇಳುತ್ತಿತ್ತು. ಮೊಣಕಾಲು ಸವೆತ ಇರುವವರಿಗೆ ವ್ಯಾಯಾಮದ ಜೊತೆ ಲಕ್ಕಿ ಎಣ್ಣೆ ಹಚ್ಚಿದರೆ, ಬರೀ ಎಳ್ಳೆಣ್ಣೆ ಹಚ್ಚಿದ್ದಕ್ಕಿಂತ ಹೆಚ್ಚಿನ ಗುಣ ಸಿಗುತ್ತದೆಯೇ? 12 ವಾರದ ಅಧ್ಯಯನ. ಆಯುರ್ವೇದದಲ್ಲಿ ಎಂ.ಡಿ. ಮಾಡುವ ಹುಡುಗಿ ಅದನ್ನು ನಡೆಸುತ್ತಿದ್ದಳು. ಗೆರೆ ಮುಂದಿಟ್ಟ ಹುಡುಗ ಫಿಸಿಯೋಥೆರಪಿಸ್ಟ್.

ಒಪ್ಪಿಗೆ ಪತ್ರ ಆರು ಪುಟ. ಪರೀಕ್ಷಾ ಮೇಲ್ವಿಚಾರಣೆ ಮಾಡಿದ ಅಭ್ಯಾಸ, ಎಲ್ಲ ಓದಿದೆ. ಯಾವ ಕ್ಷಣದಲ್ಲಾದರೂ ಬಿಟ್ಟು ಹೋಗಬಹುದು, ಬಿಟ್ಟರೂ ಆಸ್ಪತ್ರೆಯ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಸಾಲಿಗೆ ಆ ಹುಡುಗಿ ತಾನೇ ಬೆರಳಿಟ್ಟು ತೋರಿಸಿದಳು. ಮೇಲ್ಗಡೆ ಸಿಟಿಆರ್‌ಐ ಎಂಬ ದೇಶದ ವೈದ್ಯಕೀಯ ಪರೀಕ್ಷೆಗಳ ಬಹಿರಂಗ ದಾಖಲೆಯ ನೋಂದಣಿ ಸಂಖ್ಯೆ ಇತ್ತು. ಬೆಂಗಳೂರಿನಲ್ಲಿರುವ ಮಗನಿಗೆ ಕಳಿಸಿದೆ, ಅವನು ಜಾಲತಾಣದಲ್ಲಿ ತೆಗೆದು ಓದಿ ಹೇಳಿದ. 2007ರಲ್ಲಿ ಶುರುವಾದ ಈ ನೋಂದಣಿ, ಔಷಧ ಪರೀಕ್ಷೆಗಳಿಗೆ 2009ರ ಜೂನ್ 15ರಿಂದ ಕಡ್ಡಾಯ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಏನು ಅಳೆಯುತ್ತೇವೆ, ಯಾವಾಗ ಅಳೆಯುತ್ತೇವೆ, ಎಷ್ಟು ಜನರಲ್ಲಿ ಎಂದು ಬರೆದಿಡಬೇಕು. ಉತ್ತರ ಬಂದ ಮೇಲೆ ಪ್ರಶ್ನೆಪತ್ರಿಕೆ ತಿದ್ದುವಂತಿಲ್ಲ. ನನಗೆ ಭರವಸೆ ಬಂದದ್ದು ಅಲ್ಲಿ.

ನನ್ನ ಪಕ್ಕದಲ್ಲಿ ಅಫಜಲಪುರ ಕಡೆಯ ಒಬ್ಬ ಹೆಣ್ಣುಮಗಳು ಕೂತಿದ್ದಳು, ಹೊಲದ ಕೂಲಿ ಮಾಡುವಾಕೆ. ಓದಲು ಬರದವರಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಪೂರ್ತಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಬೇಕೆಂಬುದು ನಿಯಮ. ಹಾಗೇ ಓದುತ್ತಿದ್ದರು. ಆಕೆ ನಡುವೆ ತಡೆದು ಕೇಳಿದಳು: "ಅಲ್ರಿ, ಔಷಧ ಇಲ್ಲದ ಎಣ್ಣಿ ನನ್ನ ಪಾಲಿಗಿ ಬಂದ್ರ ನನಗ ಮೋಸ ಮಾಡಿದಂಗ ಆಗಲ್ಲೇನು?"

ಆರು ಪುಟ ಓದಿಯೂ ನನಗೆ ಹೊಳೆಯದ ಪ್ರಶ್ನೆ ಅದು. ಹುಡುಗಿ ಅವಸರ ಮಾಡಲಿಲ್ಲ. "ಲಕ್ಕಿ ಎಣ್ಣಿನೇ ಹೆಚ್ಚು ಅಂತ ನಮಗ ಖಾತ್ರಿ ಗೊತ್ತಿದ್ರ ಈ ಪರೀಕ್ಷಾನೇ ಬೇಕಾಗಿರಲಿಲ್ಲಮ್ಮ. ಗೊತ್ತಿಲ್ಲ, ಅದಕ್ಕ ಕೇಳ್ಲತ್ತೀವಿ. ಗುಣ ಕೊಡ್ತದ ಅಂತ ಗೊತ್ತಿರೋದು ವ್ಯಾಯಾಮ. ಅದು ಇಬ್ಬರಿಗೂ ಸಿಗ್ತದ, ಯಾರಿಗೂ ತಪ್ಪಂಗಿಲ್ಲ" ಅಂದಳು. ಆಕೆ ಸ್ವಲ್ಪ ಹೊತ್ತು ಯೋಚಿಸಿ ಹೆಬ್ಬೆಟ್ಟು ಒತ್ತಿದಳು.

ಎಕ್ಸ್‌ರೇ ಆಯಿತು. ಸವೆತವನ್ನು 0ಯಿಂದ 4ರವರೆಗೆ ಶ್ರೇಣಿ ಮಾಡುವ ಕೆಲ್‌ಗ್ರೆನ್-ಲಾರೆನ್ಸ್ ಪದ್ಧತಿ 1957ರಿಂದ ಇದೆಯಂತೆ. ನನ್ನ ಬಲಗಾಲು 3, ಎಡಗಾಲು 2. ನೋವಿನ ಮಾತ್ರೆಗಳನ್ನು ಒಂದು ವಾರ ಬಿಡಿಸಿದರು, ಹಳೆಯ ಔಷಧದ ಗುಣ ಹೊಸದರ ಲೆಕ್ಕಕ್ಕೆ ಸೇರಬಾರದು ಎಂದು. ತೀರಾ ತಾಳಲಾಗದಿದ್ದರೆ ಎಂದು ಪ್ಯಾರಾಸಿಟಮಾಲ್ ಮಾತ್ರೆ ಎಣಿಸಿ ಕೊಟ್ಟರು. ಮುಂದಿನ ಸಲ ಉಳಿದವನ್ನು ಎಣಿಸಿ ವಾಪಸ್ ತೆಗೆದುಕೊಂಡರು. ಆ ವಾರ ಕೆಟ್ಟದಾಗಿತ್ತು.

ಆಮೇಲೆ ಲಕೋಟೆ. ಕ್ರಮಸಂಖ್ಯೆ ಬರೆದ, ಬೆಳಕಿಗೆ ಹಿಡಿದರೂ ಒಳಗಿನದು ಕಾಣದ, ಅಂಟಿಸಿದ ಲಕೋಟೆ. ಒಳಗೆ ಒಂದು ಸೀಸೆಯ ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾವ ಎಣ್ಣೆ ಎಂಬ ಪಟ್ಟಿ ಔಷಧ ವಿಭಾಗದ ಒಬ್ಬರ ಬೀರುವಿನಲ್ಲಿ. ಹುಡುಗಿಗೂ ಗೊತ್ತಿಲ್ಲ, ಅಳೆಯುವ ಹುಡುಗನಿಗೂ ಗೊತ್ತಿಲ್ಲ. ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚುವುದು ನನಗೆ ಮೊದಲು ಒಂಥರಾ ಅನಿಸಿತು. ಮನೆಗೆ ಬಂದು ಓದಿದೆ. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಲ್ಲಿ 107 ರೋಗಿಗಳನ್ನು ಯಾದೃಚ್ಛಿಕ ಸಂಖ್ಯೆಗಳಿಂದ, ಅಂಟಿಸಿದ ಲಕೋಟೆಗಳಿಂದಲೇ ಹಂಚಿದ್ದರು. ಆ ಏರ್ಪಾಟು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞನದು. ವೈದ್ಯನಿಗೆ ಆರಿಸಲು ಬಿಟ್ಟರೆ, ಗಟ್ಟಿಮುಟ್ಟಾದವರು ಅವನಿಗೆ ಅರಿವಿಲ್ಲದೆಯೇ ಒಂದು ಕಡೆ ಸೇರುತ್ತಾರೆ. ಸಂಭವನೀಯತೆಯ ಪಾಠಕ್ಕೆ ವರ್ಷವರ್ಷವೂ ನಾಣ್ಯ, ದಾಳ, ಇಸ್ಪೀಟು ಎಂದು ಕೊರೆದೆ. ಈ ಒಂದು ಉದಾಹರಣೆ ಹೇಳಿದ್ದರೆ ಮಕ್ಕಳು ಎಷ್ಟು ಕಿವಿಗೊಟ್ಟು ಕೇಳುತ್ತಿದ್ದರೋ.

ಸೀಸೆ ಕೈಗೆ ಬಂದ ರಾತ್ರಿ ನಾನು ಮಾಡಿದ ಮೊದಲ ಕೆಲಸ ಮುಚ್ಚಳ ತೆಗೆದು ಮೂಸಿದ್ದು. ಲಕ್ಕಿಯ ವಾಸನೆ ನನಗೆ ತಪ್ಪುವುದುಂಟೇ? ಆದರೆ ಬಂದದ್ದು ಬರೀ ಕರ್ಪೂರದ ಘಾಟು. ಎರಡೂ ಎಣ್ಣೆಗೆ ಸಮನಾಗಿ ಸ್ವಲ್ಪ ಕರ್ಪೂರ ಬೆರೆಸಿದ್ದರು, ನನ್ನಂಥವರ ಮೂಗಿಗಾಗಿಯೇ. ಗಿಡದ ಔಷಧದ ಪರೀಕ್ಷೆಯಲ್ಲಿ ಇದೊಂದು ದೊಡ್ಡ ತೊಡಕು. ಮಾತ್ರೆಯಾದರೆ ಅದೇ ಬಣ್ಣದ ಹುಸಿ ಮಾತ್ರೆ ಮಾಡಬಹುದು. ಸೊಪ್ಪು, ಕಷಾಯ, ಎಣ್ಣೆಗಳ ವಾಸನೆ ರುಚಿಗಳನ್ನು ಹಳ್ಳಿಯಲ್ಲಿ ಬೆಳೆದವರಿಂದ ಬಚ್ಚಿಡುವುದು ಸುಲಭವಲ್ಲ.

ಎರಡನೇ ಭೇಟಿಗೆ ತವರಿನಿಂದ ತರಿಸಿದ ಒಂದು ಹೊರೆ ಲಕ್ಕಿ ಸೊಪ್ಪು ಒಯ್ದೆ, ಎಣ್ಣೆ ಕಾಸಲು ಬೇಕಾದೀತೆಂದು. ಹುಡುಗಿ ಕೈಮುಗಿದು ಬೇಡವೆಂದಳು. ಅವಳು ಎಣ್ಣೆಗೆ ಬಳಸಿದ ಗಿಡದ ಒಂದು ಟೊಂಗೆಯನ್ನು ಹೂವಿನ ಸಮೇತ ಒತ್ತಿ ಒಣಗಿಸಿ, ಹಾಳೆಗೆ ಹೊಲಿದು, ಎಲ್ಲಿ ಯಾವತ್ತು ಕಿತ್ತದ್ದು ಎಂದು ಬರೆದು, ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಇಟ್ಟಿದ್ದಾಳೆ. ಇಪ್ಪತ್ತು ವರ್ಷದ ನಂತರ ಯಾರಾದರೂ ಅನುಮಾನಪಟ್ಟರೆ ಆ ಹಾಳೆ ತೆಗೆದು ನೋಡಬಹುದು. ಲಕ್ಕಿ, ಅಂದರೆ ವೈಟೆಕ್ಸ್ ನೆಗುಂಡೋ. ಸಂಸ್ಕೃತದಲ್ಲಿ ನಿರ್ಗುಂಡಿ. ಒಂದು ತೊಟ್ಟಿಗೆ ಸಾಮಾನ್ಯವಾಗಿ ಐದು ಕಿರುಎಲೆ, ಕೆಲವೊಮ್ಮೆ ಮೂರೇ. ಅದರ ದಾಯಾದಿ ವೈಟೆಕ್ಸ್ ಟ್ರೈಫೋಲಿಯಾಕ್ಕೂ ಮೂರು. ನನ್ನ ಹೊರೆಯಲ್ಲಿ ಎರಡು ಟೊಂಗೆ ಮೂರೆಲೆಯವು ಇದ್ದವು. ಎರಡರಲ್ಲಿ ಯಾವುದು ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಗಿಡ ಗುರುತಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅದೇ ಗಿಡದ ಎಲೆಯಲ್ಲೂ ಋತುವಿಗೆ, ಮಣ್ಣಿಗೆ ತಕ್ಕಂತೆ ಸತ್ವ ಹೆಚ್ಚುಕಡಿಮೆ. ಆದ್ದರಿಂದ ಲಕ್ಕಿಯಲ್ಲಿರುವ ಅಗ್ನುಸೈಡ್, ನೆಗುಂಡೋಸೈಡ್ ಎಂಬ ರಾಸಾಯನಿಕಗಳನ್ನು ಪ್ರಯೋಗಾಲಯದಲ್ಲಿ ಬೆರಳಚ್ಚಿನಂತೆ ನೋಡುತ್ತಾರೆ.

ಎಣ್ಣೆ ಕಾಸುವ ಲೆಕ್ಕವನ್ನೂ ಕೇಳಿ ತಿಳಿದುಕೊಂಡೆ. ಅರೆದ ಸೊಪ್ಪು ಒಂದು ಪಾಲು, ಎಳ್ಳೆಣ್ಣೆ ನಾಲ್ಕು ಪಾಲು, ಎಲೆಯ ರಸ ಹದಿನಾರು ಪಾಲು. ನೀರಿನಂಶ ಪೂರ್ತಿ ಹೋಗುವವರೆಗೆ ಸಣ್ಣ ಉರಿ. ಗಸಿಯನ್ನು ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು, ಆ ಬತ್ತಿ ಬೆಂಕಿಯಲ್ಲಿ ಚಟಚಟ ಅನ್ನದೆ ಉರಿಯಬೇಕು, ಎಣ್ಣೆಯ ಮೇಲೆ ನೊರೆ ಏಳಬೇಕು. ನಮ್ಮ ಅವ್ವ ಓದಿದವಳಲ್ಲ. ಆದರೆ ಬತ್ತಿ ಹೊಸೆದು ಒಲೆಗೆ ಹಿಡಿದು ಕಿವಿಗೊಟ್ಟು ಕೇಳುತ್ತಿದ್ದಳು. ಶಾಸ್ತ್ರದ ಲಕ್ಷಣವೇ ಅದೆಂದು ತಿಳಿದಾಗ ಅವಳು ಬಹಳ ನೆನಪಾದಳು.

ವ್ಯಾಯಾಮ ನೋಡಲು ಏನೂ ಅಲ್ಲ ಅನಿಸುತ್ತದೆ. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಒತ್ತಬೇಕು. ತೊಡೆಯ ಮುಂದಿನ ಸ್ನಾಯು ಕಲ್ಲಾಗಬೇಕು. ಹತ್ತು ಎಣಿಸಿ ಬಿಡಬೇಕು, ಹತ್ತು ಸಲ. ಆಮೇಲೆ ಮಲಗಿ ಕಾಲನ್ನು ನೇರವಾಗಿ ಎತ್ತಿ ಹಿಡಿಯುವುದು. ಆಮೇಲೆ ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು. ಮೊದಲ ದಿನ 30 ಸೆಕೆಂಡಿನಲ್ಲಿ ಆರು ಸಲ ಎದ್ದೆ, ಏಳನೆಯದಕ್ಕೆ ತೊಡೆ ಕಂಪಿಸಿತು. ಬ್ಯಾನಿ ಇದ್ದ ಕಾಲಿಗೆ ಕೆಲಸ ಕೊಡಬಾರದು ಎಂದೇ ನಾನು ನಂಬಿದ್ದು. ಕಾಲನ್ನು ಕಾಪಾಡುತ್ತ ಕೂತದ್ದರಿಂದ ತೊಡೆಯ ಸ್ನಾಯು ಸೊರಗಿ, ಕೀಲಿನ ಮೇಲೆ ಇನ್ನಷ್ಟು ಭಾರ ಬೀಳುತ್ತಿತ್ತು ಎಂದು ಅವನು ಎರಡೂ ತೊಡೆಗಳ ಸುತ್ತಳತೆಯನ್ನು ಟೇಪಿನಿಂದ ಅಳೆದು ತೋರಿಸಿದ. ಬಲತೊಡೆ ಎರಡು ಸೆಂಟಿಮೀಟರ್ ಕಡಿಮೆ ಇತ್ತು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದೂ ಹೇಳಿದ. ಆ ಲೆಕ್ಕ ಕೇಳಿದ ಮೇಲೆ ಕಲಬುರಗಿಯ ಅಪ್ಪನ ಕೆರೆಯ ಸುತ್ತ ಮುಂಜಾನೆ ನಡೆಯುವುದು ನನಗೆ ಭಾರವಾಗಲಿಲ್ಲ.

ಪ್ರಶ್ನಾವಳಿ 24 ಪ್ರಶ್ನೆಗಳದು. ಕೆನಡಾದಲ್ಲಿ 1982ರಲ್ಲಿ ತಯಾರಾದ ವೊಮ್ಯಾಕ್ ಎಂಬುದರ ಕನ್ನಡ ರೂಪ. ನೋವಿನ ಬಗ್ಗೆ 5, ಬಿಗಿತದ ಬಗ್ಗೆ 2, ದಿನದ ಕೆಲಸಗಳ ಬಗ್ಗೆ 17. ಟಬ್ಬಿನೊಳಗೆ ಇಳಿದು ಏಳುವಾಗ ಎಷ್ಟು ಕಷ್ಟ ಎಂದು ಅದರಲ್ಲಿ ಒಂದು ಪ್ರಶ್ನೆ. ನಮ್ಮಲ್ಲಿ ಯಾರ ಮನೆಯಲ್ಲಿ ಟಬ್ಬು? ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಬಡಿಯುವ, ಕುಕ್ಕರಗಾಲಲ್ಲಿ ಕೂತು ಕಸ ಕೀಳುವ ಪ್ರಶ್ನೆಗಳು ಅದರಲ್ಲಿಲ್ಲ. ಅವೆರಡನ್ನು ಹುಡುಗಿ ಬೇರೆ ಹಾಳೆಯಲ್ಲಿ ತಾನಾಗಿ ಸೇರಿಸಿಕೊಂಡಿದ್ದಳು. ಇದು ಸಣ್ಣ ಮಾತಲ್ಲ ಎಂದು ನನ್ನ ಎಣಿಕೆ. ನೆಲದ ಮೇಲೆ ಬದುಕುವವರ ಮೊಣಕಾಲನ್ನು ಕುರ್ಚಿಯ ಮೇಲೆ ಬದುಕುವವರ ಪ್ರಶ್ನೆಯಿಂದ ಅಳೆದರೆ ಅರ್ಧ ಸತ್ಯ ಹೊರಗೇ ಉಳಿಯುತ್ತದೆ. 'ಬಿಗಿತ' ಎಂದು ಓದಿದಾಗ ಅಫಜಲಪುರದಾಕೆಗೆ ತಿಳಿಯಲಿಲ್ಲ. "ಮುಂಜಾನಿ ಏಳೋವಾಗ ಕಾಲು ಹಿಡಕೊಂಡಂಗ ಆಗ್ತದಲ್ಲ, ಅದಾ?" ಅಂದಳು. ಹೌದು, ಅದೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾಲ್ಕನೇ ವಾರದ ಭೇಟಿಗೆ ಮುಂಚೆ ಎಳ್ಳಮಾವಾಸ್ಯೆ ಬಂತು. ತವರಿಗೆ ಹೋದೆ. ಕಟಾವಿಗೆ ಬಂದ ತೊಗರಿ ಹೊಲ, ಎರೆ ಮಣ್ಣಿನ ಹೆಂಟೆ, ಚರಗ ಚೆಲ್ಲಲು ಬದುವಿನಿಂದ ಬದುವಿಗೆ ನಡಿಗೆ, ಭಜ್ಜಿ ರೊಟ್ಟಿ ಉಣ್ಣಲು ನೆಲದ ಮೇಲೆ ಎರಡು ತಾಸು. ಐದು ದಿನ ಎಣ್ಣೆಯನ್ನೂ ಮರೆತೆ, ವ್ಯಾಯಾಮವನ್ನೂ ಮರೆತೆ. ಕಾಲು ಊದಿತ್ತು. ಆದರೆ ಭೇಟಿಯ ಹಿಂದಿನ ರಾತ್ರಿ ಡೈರಿ ತೆಗೆದು ಐದೂ ದಿನಕ್ಕೆ ಒಂದೇ ಪೆನ್ನಿನಿಂದ ಸರಿ ಗುರುತು ಹಾಕಿದೆ. ಮರುದಿನ ಗೆರೆಯ ಮೇಲೆ 40ರ ಹತ್ತಿರ ಗುರುತು ಮಾಡಿದೆ. ನಿಜವಾಗಿ 60 ಇತ್ತು. ಆ ಹುಡುಗಿ ಮುಂಜಾನೆಯಿಂದ ಸಂಜೆವರೆಗೆ ನಮ್ಮ ಕಾಲಿಗಾಗಿ ಓಡಾಡುತ್ತಿದ್ದಳು. "ಕಡಿಮಿ ಆಗ್ಯಾದ" ಅಂದರೆ ಅವಳ ಮುಖ ಅರಳುತ್ತದೆ ಎಂದು ನನಗೆ ಗೊತ್ತಿತ್ತು.

ಅವಳು ಸೀಸೆಯನ್ನು ತಕ್ಕಡಿಯಲ್ಲಿಟ್ಟಳು. ಪ್ರತಿ ಭೇಟಿಗೂ ತೂಗುತ್ತಿದ್ದಳು, ನಾನೇ ಅದಕ್ಕೆ ಲಕ್ಷ್ಯ ಕೊಟ್ಟಿರಲಿಲ್ಲ. ದಿನಕ್ಕೆ ಎರಡು ಸಲ ಹಚ್ಚಿದ್ದರೆ ಉಳಿಯಬೇಕಾದದ್ದಕ್ಕಿಂತ ಎಣ್ಣೆ ಬಹಳ ಹೆಚ್ಚಿತ್ತು. ಅವಳು ಏನೂ ಅನ್ನಲಿಲ್ಲ, ಸಂಖ್ಯೆ ಬರೆದುಕೊಂಡಳು. ಉತ್ತರ ನಕಲು ಮಾಡಿದ ಹುಡುಗನ ಎದುರು ನಾನು ಎಷ್ಟೋ ಸಲ ಹಾಗೇ ಮೌನವಾಗಿ ನಿಂತಿದ್ದೇನೆ. ತಡೆಯಲಾಗಲಿಲ್ಲ, ಎಲ್ಲ ಹೇಳಿದೆ. ಗುರುತನ್ನೂ ಸುಳ್ಳು ಹಾಕಿದೆ ಎಂದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಡೈರಿಯ ಐದೂ ಗುರುತುಗಳ ಮೇಲೆ ನನ್ನಿಂದಲೇ ಒಂದೊಂದು ಗೆರೆ ಹೊಡೆಸಿ, ಪಕ್ಕದಲ್ಲಿ ಸಹಿ, ತಾರೀಖು ಹಾಕಿಸಿದಳು. ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಮೊದಲು ಬರೆದದ್ದೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. ಗೆರೆಯನ್ನು ಫಿಸಿಯೋಥೆರಪಿಸ್ಟ್ ಹೊಸ ಹಾಳೆಯಲ್ಲಿ ಮತ್ತೆ ಹಾಕಿಸಿದ, ಹಳೆಯ ಹಾಳೆಯನ್ನೂ ಕಡತದಲ್ಲೇ ಇಟ್ಟ. 61 ಬಂತು. "ಮೇಡಂ, ನೀವು ನನಗ ಖುಷಿ ಮಾಡ್ಲಿಕ್ಕ ಹೇಳಿದ್ ನಂಬರ್ ನಾಳೆ ಇನ್ನೊಬ್ಬರ ಕಾಲಿಗಿ ಔಷಧ ಆಗಿ ಹೋಗ್ತದ" ಅಂದಳು ಅವಳು. ಜಾತ್ರೆಯ ಪುಡಿಯವನನ್ನು ಎರಡು ವರ್ಷ ಮನಸ್ಸಿನಲ್ಲೇ ಶಪಿಸಿದವಳು ನಾನು. ಆ ದಿನ ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕೂತೆ.

ಎಂಟನೇ ವಾರಕ್ಕೆ ಅಫಜಲಪುರದಾಕೆ ಬರಲಿಲ್ಲ. ತೊಗರಿ ರಾಶಿಯ ದಿನಗಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದರೂ ಒಂದು ದಿನದ ಕೂಲಿ ಹೋದರೆ ಕೊಡುವವರ್ಯಾರು? ಆಕೆಯನ್ನು ಪಟ್ಟಿಯಿಂದ ತೆಗೆಯುತ್ತೀರಾ ಎಂದು ಕೇಳಿದೆ. ಇಲ್ಲವಂತೆ. ಲಕೋಟೆ ತೆರೆದ ಮೇಲೆ ಆಕೆ ಯಾವ ಗುಂಪಿಗೆ ಬಿದ್ದಳೋ ಅದರ ಲೆಕ್ಕದಲ್ಲೇ ಕೊನೆವರೆಗೂ ಇರುತ್ತಾಳೆ, ಎಣ್ಣೆ ಹಚ್ಚಲಿ ಬಿಡಲಿ. ಇದು ನನಗೆ ಚೆನ್ನಾಗಿ ಅರ್ಥವಾಯಿತು. ದಡ್ಡ ಮಕ್ಕಳನ್ನು ಪರೀಕ್ಷೆಗೆ ಕೂಡಿಸದೆ ನೂರಕ್ಕೆ ನೂರು ಫಲಿತಾಂಶ ಎಂದು ಬೋರ್ಡು ಹಾಕುವ ಶಾಲೆಗಳನ್ನು ನೋಡಿದವಳು ನಾನು. ಬಿಟ್ಟುಹೋದವರನ್ನು ಲೆಕ್ಕದಿಂದ ಬಿಟ್ಟರೆ ಔಷಧವೂ ಹಾಗೇ ನೂರಕ್ಕೆ ನೂರು ಪಾಸಾಗುತ್ತದೆ. ಹತ್ತನೇ ವಾರಕ್ಕೆ ಆಕೆ ತಾನಾಗಿ ಬಂದಳು, ಸೆರಗಿನಲ್ಲಿ ನಮಗೆಲ್ಲ ಒಂದೊಂದು ಹಿಡಿ ಹಸಿ ಕಡಲೆ ಕಟ್ಟಿಕೊಂಡು.

ಇನ್ನೊಂದು ಮಾತು ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಮೊದಲ ಕಿರುಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ಬಂದ ಮಕ್ಕಳಿಗೆ ಎರಡನೆಯದರಲ್ಲಿ, ನಾನೇನೂ ಹೆಚ್ಚು ಕಲಿಸದಿದ್ದರೂ, ಸಾಮಾನ್ಯವಾಗಿ ತುಸು ಹೆಚ್ಚು ಬರುತ್ತದೆ. ಆ ದಿನದ ದುರದೃಷ್ಟ ಕಳೆದಿರುತ್ತದೆ, ಅಷ್ಟೇ. ಮೊಣಕಾಲಿನದೂ ಹಾಗೆ. ಬ್ಯಾನಿ ಏರುತ್ತದೆ, ಇಳಿಯುತ್ತದೆ. ನಾವು ವೈದ್ಯರ ಬಳಿ ಓಡುವುದು ಅದು ತುತ್ತತುದಿಗೆ ಏರಿದಾಗ. ಆಗ ಏನು ಹಚ್ಚಿದರೂ ಮುಂದಿನ ವಾರ ಕಡಿಮೆಯಾಗುವ ಸಂಭವ ಹೆಚ್ಚು, ಹೆಸರು ಹಚ್ಚಿದ್ದಕ್ಕೆ. ಎರಡು ಗುಂಪು ಬೇಕಾಗುವುದು ಅದಕ್ಕೇ. ತಾನಾಗಿ ಇಳಿಯುವ ಬ್ಯಾನಿ ಎರಡೂ ಕಡೆ ಸಮನಾಗಿ ಇಳಿಯುತ್ತದೆ. ಎಳ್ಳೆಣ್ಣೆಯೂ ಏನೂ ಅಲ್ಲದ್ದಲ್ಲ, ನೀವುವ ಕೈಗೂ ಗುಣವಿದೆ. ಅದೆಲ್ಲ ಕಳೆದು ಉಳಿದದ್ದು ಲಕ್ಕಿಯದು.

ಫೆಬ್ರವರಿ ಮಧ್ಯದಲ್ಲಿ ಕೊನೆಯ ಭೇಟಿ. ಕುರ್ಚಿಯಿಂದ 30 ಸೆಕೆಂಡಿನಲ್ಲಿ ಹನ್ನೊಂದು ಸಲ ಎದ್ದೆ. ಗೆರೆಯ ಮೇಲೆ 38. ಚಕ್ಕಳಮಕ್ಕಳ ಇನ್ನೂ ಆಗುವುದಿಲ್ಲ, ಹಾಗೇ ಬರೆಸಿದೆ. ಸೀಸೆ ತಕ್ಕಡಿಗೆ ಹೋಯಿತು. ಡೈರಿಯಲ್ಲಿ ಮೂರು ದಿನ ಖಾಲಿ ಬಿಟ್ಟಿದ್ದೆ, ಮೊಮ್ಮಗನಿಗೆ ಜ್ವರ ಬಂದ ದಿನಗಳು. ಉಳಿದ ಎಣ್ಣೆಗೂ ಆ ಲೆಕ್ಕಕ್ಕೂ ತಾಳೆಯಾಯಿತು.

ಕೊನೆಯ ಹಾಳೆಯಲ್ಲಿ ಒಂದೇ ಪ್ರಶ್ನೆ: ನಿಮಗೆ ಸಿಕ್ಕದ್ದು ಯಾವ ಎಣ್ಣೆ ಎಂದು ನಿಮಗನಿಸುತ್ತದೆ? ಲಕ್ಕಿ ಎಣ್ಣೆ, ಬರೀ ಎಳ್ಳೆಣ್ಣೆ, ಗೊತ್ತಿಲ್ಲ. ಅವ್ವನ ಮುಖ ಕಣ್ಣೆದುರು ಬಂತು, ಕೈ ಮೊದಲ ಚೌಕದ ಕಡೆಗೆ ಹೋಯಿತು. ತಡೆದು ಯೋಚಿಸಿದೆ. ನನಗನಿಸುತ್ತಿದ್ದುದು ಅದಲ್ಲ, ನಾನು ಆಸೆಪಡುತ್ತಿದ್ದುದು. ಮೂರನೆಯದಕ್ಕೆ ಗುರುತು ಹಾಕಿದೆ.

ಕೊನೆಯ ರೋಗಿಯ 12ನೇ ವಾರ ಮುಗಿಯುವವರೆಗೆ ಬೀರುವಿನ ಪಟ್ಟಿ ತೆರೆಯುವುದಿಲ್ಲ. ತೆರೆದ ಮೇಲೆ ನನಗೂ ಫೋನು ಮಾಡುತ್ತೇನೆ ಎಂದಿದ್ದಾಳೆ ಹುಡುಗಿ. ಹೊರಗೆ ಬಂದಾಗ ಬಿಸಿಲು ಚುರುಗುಡಲು ಶುರುವಾಗಿತ್ತು. ಅಫಜಲಪುರದಾಕೆ ಮೆಟ್ಟಿಲ ಬುಡದಲ್ಲಿ ನನಗಾಗಿ ಕಾಯುತ್ತಿದ್ದಳು. "ಅಕ್ಕೋರ, ನಿಮ್ಮದು ಎಷ್ಟು ಬಂತು?" ಎಂದು ಕೂಗಿದಳು. ಕಟಾಂಜನ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತ, "ಮೂವತ್ತೆಂಟು" ಅಂದೆ.